ಕಾದ ನೀರು

ಟೈಲರಕ್ಕನ ಬಾವಿಯ ನೀರು ಮೊದಲಿನಿಂದಲೂ ತುಕ್ಕು ಬಣ್ಣದ್ದೇ. ಬಿಳಿ ಬಟ್ಟೆ ಎರಡೇ ತಿಂಗಳಿಗೆ ಹಳದಿಯಾಗುತ್ತಿತ್ತು, ಚಹಾ ಮಾಡಿದರೆ ಕಪ್ಪಾಗುತ್ತಿತ್ತು. ಅಷ್ಟಕ್ಕೆಲ್ಲ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಆಕೆ ಹದಿನೈದು ದಿನಕ್ಕೊಮ್ಮೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ತೋಳು ಮಡಚಿ, ಹಿತ್ತಲಿನ ಡ್ರಮ್ಮಿನಿಂದ ಮರಳು ತೆಗೆದು ತೊಳೆಯುತ್ತಾಳೆ. ಏಳು ಸಲ ತೊಳೆದರೆ ಕೆಂಪು ಬಿಡುತ್ತದೆ. ಆಕೆ ಒಂಬತ್ತು ಸಲ ತೊಳೆಯುತ್ತಾಳೆ. ಡ್ರಮ್ಮಿನ ತಳಕ್ಕೆ ಜಲ್ಲಿ, ಅದರ ಮೇಲೆ ಇದ್ದಿಲು, ಮೇಲೆ ಮೊಳದೆತ್ತರ ಮರಳು. ಸೋಸಿ ಬಂದ ನೀರನ್ನು ಕುದಿಸಿ, ಆರಿಸಿ, ಮುಚ್ಚಿಡುತ್ತಾಳೆ. ಕುಡಿಯುವವಳು ಅವಳೊಬ್ಬಳೇ.

ಇಷ್ಟೆಲ್ಲ ಪಿಟೀಲಿಗಾಗಿ.

ಪಿಟೀಲು ಅಂದರೆ ತಂಗಿಯ ಮಗಳು. ಅಳಲು ಶುರು ಮಾಡಿದರೆ ಒಂದೇ ತಂತಿಯ ಮೇಲೆ ಅರ್ಧ ಗಂಟೆ ಎಳೆಯುತ್ತಿದ್ದಳು, ಅದಕ್ಕೇ ಆ ಹೆಸರು. ತಂಗಿಗೂ ಅವಳ ಗಂಡನಿಗೂ ದೂರದ ಊರಿನ ಗಿರಣಿಯಲ್ಲಿ ಪಾಳಿ ಕೆಲಸ. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಹೊರಡುತ್ತಿದ್ದರು. ಹಾಗಾಗಿ ನಾಲ್ಕನೆಯ ವಯಸ್ಸಿನಿಂದ ಹುಡುಗಿ ದೊಡ್ಡಮ್ಮನ ಬೆನ್ನಿಗಂಟಿಕೊಂಡೇ ಬೆಳೆದಳು. ಏಳು ತುಂಬುವಾಗ ಟೈಫಾಯ್ಡ್ ಬಂತು. ಹತ್ತು ದಿನ ಆಸ್ಪತ್ರೆ. ಬಿಟ್ಟ ದಿನ ತಂಗಿಯ ಗಂಡ ಮಗಳನ್ನು ಅಲ್ಲಿಂದಲೇ ಬಸ್ಸು ಹತ್ತಿಸಿದ. ಬಟ್ಟೆಬರೆ ತೆಗೆದುಕೊಳ್ಳಲೂ ಮನೆಗೆ ಬರಲಿಲ್ಲ. ‘ನಿಮ್ಮ ಬಾವಿ ಸರಿ ಇಲ್ಲ ಅಕ್ಕ’ ಎಂದಷ್ಟೇ ಹೇಳಿದ. ಆಮೇಲೆ ತಂಗಿ ಫೋನಿನಲ್ಲಿ, ‘ನೀರಿನ ವರದಿ ಚೆನ್ನಾಗಿ ಬರ್ಲಿ, ರಜಕ್ಕೆ ಕಳಿಸ್ತೀನಿ’ ಎಂದಳು. ಟೈಲರಕ್ಕ ಆ ಒಂದು ಮಾತನ್ನು ಹಿಡಿದುಕೊಂಡಳು.

ಮೊದಲ ವರದಿ ಕೆಟ್ಟದಾಗಿ ಬಂತು. ನೀರು ಪರೀಕ್ಷಾ ಕೇಂದ್ರದ ಹೆಂಗಸು ಕನ್ನಡಕದ ಮೇಲಿಂದ ನೋಡಿ ಕೇಳಿದ್ದಳು: ‘ಇದನ್ನ ಹಾಗೇ ಕುಡೀತಿದ್ರಾ?’

‘ಇಲ್ಲಮ್ಮ. ಮಗೂಗೆ ಕಾಯಿಸಿ ಕೊಡಿ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಒಂದು ದಿನಾನೂ ತಪ್ಪಿಸಿಲ್ಲ.’

‘ಕಾಯಿಸಿದ್ರೋ, ಕುದಿಸಿದ್ರೋ?’

‘ಎರಡೂ ಒಂದೇ ಅಲ್ವಾ ಮೇಡಂ?’

ಆ ಹೆಂಗಸು ಪೆನ್ನು ಕೆಳಗಿಟ್ಟಳು. ‘ಗುಳ್ಳೆ ಬರ್ತಿತ್ತಾ?’

ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಕಾಯಿಸುವುದೆಂದರೆ ಸ್ನಾನದ ನೀರಿಗೆ ಮಾಡುವ ಹಾಗೆ: ಅದ್ದಿದ ಬೆರಳು ಚುರ್ ಎಂದು ಹಿಂದೆ ಬಂದರೆ ಕಾಯಿತು ಎಂದು ಅರ್ಥ. ಹಾಲಾದರೆ ಉಕ್ಕಿ ಒಲೆಯೆಲ್ಲ ರಾಡಿ ಮಾಡಿ ತಾನೇ ಹೇಳುತ್ತದೆ. ನೀರು ಹೇಳುವುದಿಲ್ಲ. ಮೂರು ವರ್ಷ ಆಕೆ ಬೆರಳಿನ ಮಾತು ನಂಬಿ ಒಲೆ ಆರಿಸಿದ್ದಳು.

ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ತಪ್ಪು ಬಾವಿಯ ತಲೆ ಮೇಲೇ ಉಳಿಯಿತು. ಬಾವಿಗೆ ಬಾಯಿ ಇದ್ದರೂ ಮಾತು ಬರುವುದಿಲ್ಲವಲ್ಲ.

ಪಂಪ್ ರಿಪೇರಿಯವನನ್ನು ಕರೆಸಿದಳು. ಅವನು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಸುರಿದ.

‘ಏನಕ್ಕ, ಬಾವಿಗೆ ಇಷ್ಟು ಉಪಚಾರ? ಹೆಣ್ಣು ನೋಡೋಕೆ ಯಾರಾದ್ರೂ ಬರ್ತಿದಾರಾ?’

‘ಬಾಯಿ ಮುಚ್ಕೊಂಡು ಸುರಿಯೋ. ನಿನ್ನನ್ನೂ ಒಳಗೆ ಅದ್ದಿ ತೆಗೆದ್ರೆ ಸ್ವಲ್ಪ ಶುದ್ಧ ಆಗ್ತೀಯ.’

ಒಂದು ದಿನ ಬಿಟ್ಟು ನೀರೆಲ್ಲ ಎತ್ತಿ ಚೆಲ್ಲಿದರು. ವಾಸನೆ ಪೂರ್ತಿ ಹೋಗಲು ವಾರ ಹಿಡಿಯಿತು. ಆಮೇಲೆ ಕೇಂದ್ರದವರು ಕೊಟ್ಟ ಬಾಟಲಿಯಲ್ಲಿ ನೀರು ತುಂಬಿಸಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಳು.

ಎರಡನೆಯ ವರದಿ ಚೆನ್ನಾಗಿ ಬಂತು. ಶಾಲೆಗಳಿಗೆ ರಜೆ ಶುರುವಾಗಲು ಇನ್ನು ನಾಲ್ಕೇ ದಿನ. ಟೈಲರಕ್ಕ ಅಡುಗೆಮನೆಯಲ್ಲಿ ನಿಂತೇ ಫೋನ್ ಮಾಡಿದಳು.

‘ಅಯ್ಯೋ, ಒಳ್ಳೇದಾಯ್ತು ಕಣೇ ಅಕ್ಕ! ಭಾನುವಾರ ನಾನೇ ಕರ್ಕೊಂಡು ಬರ್ತೀನಿ’ ಎಂದಳು ತಂಗಿ. ಹಿಂದಿನಿಂದ ಪಿಟೀಲು ‘ದೊಡ್ಡಮ್ಮನಾ? ದೊಡ್ಡಮ್ಮನಾ?’ ಎಂದು ಕುಣಿಯುವುದು ಕೇಳಿಸಿತು. ಅಷ್ಟರಲ್ಲಿ ತಂಗಿಯ ಗಂಡ ಫೋನ್ ತೆಗೆದುಕೊಂಡ.

‘ಅಕ್ಕ, ಒಂದು ಮಾತು. ನೀವು ಕಾಯಿಸೇ ತಾನೆ ಕೊಡ್ತಿದ್ದಿದ್ದು?’

‘ಹೌದು, ಕಾಯಿಸೇ ಕೊಡ್ತಿದ್ದೆ.’ ಸುಳ್ಳೇನಲ್ಲ.

‘ಅದೇ ನನಗೆ ತಲೆಗೆ ಹೋಗಲ್ಲ. ಕಾಯಿಸಿದ್ರೂ ಹೆಂಗೆ ಬಂತು? ನಾವೂ ಇಲ್ಲಿ ಕಾಯಿಸೇ ಕೊಡೋದು. ಹೋಗ್ಲಿ, ಈಗ ಬಾವಿ ಸರಿ ಆಯ್ತಲ್ಲ.’

ಅಲ್ಲಿಗೆ ಮಾತು ಮುಗಿಯಬಹುದಿತ್ತು. ಭಾನುವಾರ ಹುಡುಗಿ ಬರುತ್ತಿದ್ದಳು. ಆದರೆ ‘ನಾವೂ ಕಾಯಿಸೇ’ ಎಂಬುದು ಟೈಲರಕ್ಕನ ಕಿವಿಯಲ್ಲಿ ಮುರಿದ ಸೂಜಿಯ ಹಾಗೆ ನಿಂತಿತು.

‘ಗುಳ್ಳೆ ಬರೋವರೆಗೂ ಇಡ್ತೀರಾ?’

‘ಗುಳ್ಳೆನಾ? ಬೆರಳಿಟ್ರೆ ಸುಡಬೇಕು, ಅಷ್ಟು. ನಿಮ್ಮ ತಂಗಿ ನಿಮ್ಮ ಹತ್ರಾನೇ ಕಲಿತಿದ್ದಲ್ವಾ?’ ಅವನು ನಕ್ಕ.

ಟೈಲರಕ್ಕ ನಗಲಿಲ್ಲ. ‘ಅದು ಸಾಲಲ್ಲಪ್ಪ. ಕುದೀಬೇಕು. ನಾನೂ ಕುದಿಸಿರಲಿಲ್ಲ. ಬೆರಳಿಟ್ಟು ನೋಡಿ ಆರಿಸ್ತಿದ್ದೆ. ಅದಕ್ಕೇ ಅವಳಿಗೆ ಬಂದಿದ್ದು.’

ಅವನ ನಗು ನಿಂತಿತು.

‘ಯಾವಾಗ ಗೊತ್ತಾಯ್ತು ನಿಮಗೆ?’

‘ಆರು ತಿಂಗಳಾಯ್ತು.’

‘ಆರು ತಿಂಗಳಿಂದ ಬಾವಿ ಬಾವಿ ಅಂತ ಕತೆ ಹೇಳ್ಕೊಂಡು ಬಂದ್ರಾ?’ ಅವನು ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು. ‘ಭಾನುವಾರ ಬೇಡ ಬಿಡಿ. ಈ ರಜ ಅವಳು ಇಲ್ಲೇ ಇರ್ಲಿ.’

‘ಇರ್ಲಿ. ಆದ್ರೆ ಈಗಲೇ ಪಾತ್ರೆ ಇಟ್ಟು ಕುದಿಸಿ. ಕುದಿಯೋವರೆಗೂ ನಾನು ಫೋನ್ ಇಡಲ್ಲ.’

ಫೋನನ್ನು ಎಲ್ಲೋ ಕುಕ್ಕಿದ ಸದ್ದು. ತಂಗಿಯ ‘ಏನಂತೆ? ಏನಂದ್ಳು?’ ದೂರವಾಯಿತು. ನಲ್ಲಿ ಬಿಟ್ಟರು, ಒಲೆ ಹಚ್ಚಿದರು. ಆಮೇಲೆ ಮೂಗಿನಲ್ಲಿ ಉಸಿರಾಡುವ ಸದ್ದು ಹತ್ತಿರ ಬಂತು.

‘ದೊಡ್ಡಮ್ಮ, ಅಪ್ಪ ಅಮ್ಮ ಹೊರಗೆ ಜಗಳ ಆಡ್ತಿದಾರೆ. ನಂಗೆ ನೀರು ನೋಡ್ಕೋ ಅಂದ್ರು.’

‘ನೋಡು. ದೂರ ನಿಂತ್ಕೊಂಡು ನೋಡು.’

‘ಏನೂ ಆಗ್ತಿಲ್ಲ.’

‘ಆಗತ್ತೆ. ಒಲೆ ಕಟ್ಟೆ ನಿನಗೆ ಎಲ್ಲಿಗೆ ಬರತ್ತೆ ಈಗ?’

‘ಎದೆಗೆ.’

ಟೈಲರಕ್ಕ ತನ್ನ ಒಲೆ ಕಟ್ಟೆಯ ಮುಂದೆ ಬಗ್ಗಿ, ಹುಡುಗಿಯ ತಲೆಯೆತ್ತರಕ್ಕೆ ಅಂಗೈಯನ್ನು ಗಾಳಿಯಲ್ಲಿ ಹಿಡಿದು ನೋಡಿದಳು. ಒಂದು ಇಂಚು ಬೆಳೆದಿದ್ದಾಳೆ. ಎರಡೂ ಇರಬಹುದು.

‘ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಬಂತು!’

‘ಅದಲ್ಲ. ಇನ್ನೂ ದೊಡ್ಡದು ಬರ್ಬೇಕು.’

‘ನನ್ನ ಮುಂದಿನ ಹಲ್ಲು ಎರಡೂ ಬಿದ್ದೋದ್ವು. ಒಂದನ್ನ ನುಂಗ್ಬಿಟ್ಟೆ. ಅಯ್ಯೋ, ಈಗ ನೋಡು ದೊಡ್ಡಮ್ಮ, ದಬದಬ ಅಂತಿದೆ! ಪಾತ್ರೆ ಕುಣೀತಿದೆ! ಅಮ್ಮನ್ನ ಕರೀಲಾ, ಆರಿಸೋಕೆ?’

ಒಂದು ನಿಮಿಷ ಕುದಿದರೆ ಸಾಕು ಎಂದು ಕೇಂದ್ರದ ಹೆಂಗಸು ಹೇಳಿದ್ದಳು.

‘ಬೇಡ’ ಎಂದಳು ಟೈಲರಕ್ಕ. ‘ಇನ್ನೂ ಸ್ವಲ್ಪ ಕುದೀಲಿ. ಹಲ್ಲು ಹೆಂಗೆ ನುಂಗಿದೆ, ಅದನ್ನ ಹೇಳು.’