ಭಾವನ ಕಾರ್ಡು

“ಸೋಪಿಗೆ ಬಗ್ಗಲ್ಲ ಇದು, ಸೀಮೆಎಣ್ಣೆ ತಾ,” ಎಂದಳು ಅಕ್ಕ. ಗಂಡನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರಿನ ಸಂದುಗಳನ್ನು ತಿಕ್ಕುತ್ತಿದ್ದಳು.

ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. “ಅಮ್ಮಾ, ಸಾಕು ಬಿಡು. ಯಾರು ನೋಡ್ತಾರೆ ಈಗ?”

“ನಾನು ನೋಡ್ತೀನಲ್ಲ. ಕೈ ತೊಳೀದೆ ಒಂದಿನಾನೂ ಒಳಗೆ ಬಂದೋರಲ್ಲ. ಹೋಗೋವಾಗ ಮಾತ್ರ ಹಿಂಗೇ ಕಳಿಸ್ಲಾ?”

ಸೀಮೆಎಣ್ಣೆ ಬಂತು. ಎರಕದ ಕಬ್ಬಿಣವನ್ನು ಉಜ್ಜುವ ಕಲ್ಲಿನಿಂದ ಹಾರುವ ಕರಿಪುಡಿ ಅವನ ಬೆರಳಿನ ಬಿರುಕುಗಳಲ್ಲಿ ಅವರ ಮದುವೆಗಿಂತ ಸ್ವಲ್ಪವೇ ಕಡಿಮೆ ಕಾಲ ಸಂಸಾರ ಮಾಡಿತ್ತು. ಒಂದು ಬೆಳಗಿನಲ್ಲಿ ಜಾಗ ಖಾಲಿ ಮಾಡುವ ಲಕ್ಷಣ ಕಾಣಲಿಲ್ಲ. ಅಕ್ಕ ತುದಿಯಿಲ್ಲದ ಎಡಗೈ ಬೆರಳನ್ನೂ ಬಿಡದೆ ತಿಕ್ಕಿದಳು. ಕೊನೆಗೆ ಕಂಪನಿಯ ಗುರುತಿದ್ದ ಬಿಳಿ ಟವೆಲಿನಿಂದ ಎರಡೂ ಕೈ ಒರೆಸಿದಳು. ಟವೆಲು ಕಪ್ಪಾಯಿತು. ಕೈ ಹಾಗೇ ಇತ್ತು.

“ಇಷ್ಟೇ ಇದು,” ಎಂದಳು, ಬಾಡಿಗೆ ಮನೆಯ ಗೋಡೆಯ ಬಗ್ಗೆ ಹೇಳುವಂತೆ.

ಹೊರಗೆ ಮೆಟ್ಟಿಲ ಮೇಲೆ, ಗಲ್ಲಿಯಲ್ಲಿ, ಎದುರು ಮನೆಯ ಜಗಲಿಯಲ್ಲಿ ಗ್ರೈಂಡಿಂಗ್ ಶೆಡ್ಡಿನವರೆಲ್ಲ ಬಂದು ಕೂತಿದ್ದರು. ಬಂದವರು ಬಂದಹಾಗೆ “ಅಕ್ಕಾ” ಎಂದು ಒಂದೇ ಮಾತು ಹೇಳಿ ಹೊರಗೆ ಹೋಗಿ ಕೂತವರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆದರು. ಅದು ಶೆಡ್ಡಿನ ಸಂಬಂಧ.

*

ಆ ಸಂಬಂಧ ಹುಟ್ಟಿದ್ದು ಸದ್ದಿನಿಂದ. ಅಕ್ಕನ ತಮ್ಮ ಆ ಕಾರ್ಖಾನೆಗೆ ಮೊದಲೇ ಸೇರಿದ್ದ. ಹೊಸದಾಗಿ ಮದುವೆಯಾದ ಭಾವನನ್ನು ಪಕ್ಕದ ಮಷೀನಿಗೆ ಹಾಕಿಸಿ, ಮೊದಲ ದಿನವೇ ಶೆಡ್ಡಿನ ಆ ಗದ್ದಲದಲ್ಲಿ “ಭಾವಾ!” ಎಂದು ಗಂಟಲು ಹರಿಯುವಂತೆ ಕೂಗಿದ. ಹತ್ತು ಕಲ್ಲುಗಳು ಕಬ್ಬಿಣ ಉಜ್ಜುವ ಕಡೆ ಅಂಥ ಎರಡಕ್ಷರದ ಕೂಗಿಗೆ ಮಾತ್ರ ಉಳಿಗಾಲ. ವಾರದಲ್ಲಿ ಅವನು ಶೆಡ್ಡಿಗೆಲ್ಲ ಭಾವ. ತಿಂಗಳಲ್ಲಿ ಮ್ಯಾನೇಜರನೇ “ಭಾವನ್ನ ರಾತ್ರಿ ಪಾಳಿಗೆ ಹಾಕ್ರಿ” ಎನ್ನುತ್ತಿದ್ದ. ನಿಜವಾದ ಹೆಸರು ಹಾಜರಿ ಕಾರ್ಡಿನಲ್ಲೂ ವಿಮೆಯ ಗುರುತಿನ ಚೀಟಿಯಲ್ಲೂ ಉಳಿಯಿತು. ಆಫೀಸಿನಲ್ಲಿ ಯಾರಾದರೂ ಆ ಹೆಸರಿಂದ ಕೂಗಿದರೆ ಭಾವ ಹಿಂದೆ ತಿರುಗಿ ನೋಡುತ್ತಿದ್ದ, ಯಾರೋ ಬಂದಿರಬೇಕು ಎಂದು.

ಬೆರಳ ತುದಿ ಹೋದಾಗ ವಿಮೆಯವರ ವೈದ್ಯಮಂಡಳಿ ಅವನನ್ನು ಕರೆಸಿತು. ಉದ್ದನೆಯ ಮೇಜು, ಆಚೆ ಮೂವರು ಡಾಕ್ಟರು, ಈಚೆ ಭಾವ. ದುಡಿಯುವ ಶಕ್ತಿಯಲ್ಲಿ ಇಂತಿಷ್ಟು ಪಾಲು ನಷ್ಟವಾಗಿದೆ ಎಂದು ಬರೆದು ಕೊಟ್ಟರು. ಭಾವ ಶೆಡ್ಡಿಗೆ ಬಂದು, “ನನ್ನಲ್ಲಿ ಎಷ್ಟು ಪಾಲು ಸರ್ಕಾರದ್ದು ಅಂತ ತೀರ್ಮಾನ ಆಯ್ತಪ್ಪ. ಮಿಕ್ಕಿದ್ದು ನಿಮ್ಮಕ್ಕಂದು,” ಎಂದು ಎಲ್ಲರಿಗೂ ಬೆರಳು ತೋರಿಸಿದ್ದ.

ಅಂದಿನಿಂದ ಅವನು ವಿಮೆಯ ದವಾಖಾನೆಗೆ ಕಾಯಂ ಗಿರಾಕಿ, ರೋಗಿಯಾಗಿ ಅಲ್ಲ. ಯಾರ ಕಣ್ಣಿಗೆ ಕಿಡಿ ಹಾರಲಿ, ಯಾರಿಗೆ ಜ್ವರ ಬರಲಿ, ಜೊತೆಗೆ ಭಾವ. ಟೋಕನ್ ತೆಗೆಸಿ, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುವ ವಂತಿಗೆ ಇದಕ್ಕೇ ಕಣೋ ಎಂದು ಪಾಠ ಹೇಳಿ, ಬೆಂಚಿನ ಮೇಲೆ ಕೂತು ನಿದ್ದೆ ಹೊಡೆಯುವನು. ಕಾರ್ಖಾನೆಯ ಹತ್ತಿರ ಫ್ಯಾನು ಇದ್ದ ಬೆಂಚು ಅದೊಂದೇ.

*

“ವ್ಯಾನು ಬರೋ ಮುಂಚೆ ಒಂದು ಮಾತು,” ಎಂದ ಯೂನಿಯನ್ ಸೆಕ್ರೆಟರಿ. ಕಾಯಿದೆಯ ಕಲಮುಗಳನ್ನು ಹತ್ತಿರದ ನೆಂಟರಂತೆ ಬಲ್ಲವನು. ಹತ್ತಿರದ ನೆಂಟರಂತೆಯೇ ಅವುಗಳಿಂದ ನೊಂದವನು. ಅಕ್ಕನನ್ನೂ ಅವಳ ತಮ್ಮನನ್ನೂ ನಲ್ಲಿಯ ಹತ್ತಿರ ಕರೆದುಕೊಂಡು ಹೋದ.

“ಸಾವಿನ ಮನೇಲಿ ಇದೆಲ್ಲ ಮಾತಾಡಬಾರದು. ಆದ್ರೆ ಇಲ್ಲಿ ಮಾತಾಡದೆ ಇದ್ರೆ ಆಮೇಲೆ ಬಾಯಿ ಬಡ್ಕೊಂಡ್ರೂ ಉಪಯೋಗ ಇಲ್ಲ. ಅಕ್ಕಾ, ನೋವು ಕೆಲಸದಲ್ಲಿ ಶುರುವಾಗಿ ಭಾವ ಸತ್ತ ಅಂತ ಸಾಬೀತಾದ್ರೆ ನಿಮಗೆ ಜೀವ ಇರೋವರೆಗೂ ಪಿಂಚಣಿ. ಹೊರಗೆಲ್ಲೋ ಕಾಯಿಲೆ ಬಿದ್ದು ಸತ್ತ ಅಂದ್ರೆ ಇವತ್ತಿನ ಖರ್ಚು ಕೊಟ್ಟು ಕೈ ತೊಳ್ಕೋತಾರೆ.”

“ಅವರು ಸತ್ತಿದ್ದು ದವಾಖಾನೆ ಬೆಂಚಲ್ಲಿ,” ಎಂದಳು ಅಕ್ಕ.

“ಎಲ್ಲಿ ಸತ್ತ ಅಂತ ಯಾರೂ ಕೇಳಲ್ಲಕ್ಕ. ನೋವು ಎಲ್ಲಿ ಹುಟ್ತು ಅಂತ ಕೇಳ್ತಾರೆ. ಕಾಯಿದೆಗೆ ನೋವಿನ ವಿಳಾಸ ಬೇಕು.”

ಅಕ್ಕನ ತಮ್ಮ ನಲ್ಲಿಯ ಕೆಳಗಿನ ಪಾಚಿಯನ್ನು ನೋಡುತ್ತ ನಿಂತಿದ್ದ.

“ಈಗ ತೊಡಕು ಏನಪ್ಪಾ ಅಂದ್ರೆ,” ಸೆಕ್ರೆಟರಿ ದನಿ ತಗ್ಗಿಸಿದ, “ದವಾಖಾನೆಯೋರು ಟೋಕನ್ ಕೊಟ್ಟಿದ್ದು ಪಾಳಿ ಬಿಡೋ ಸೈರನ್ನಿಗೆ ಎಷ್ಟೋ ಮುಂಚೆ. ಹಾಜರಿ ಕಾರ್ಡು ನೋಡಿದ್ರೆ ಭಾವ ಸೈರನ್ ಆದ್ಮೇಲೆ ಹೊರಗೆ ಬಂದಿದ್ದಾನೆ. ಕಂಪನಿ ಆ ಕಾರ್ಡು ಹಿಡ್ಕೊಂಡು ಕೂರುತ್ತೆ. ಪಾಳಿ ಪೂರ್ತಿ ನೆಟ್ಟಗೆ ಕೆಲಸ ಮಾಡಿದ, ನೋವೂ ಇಲ್ಲ ಗೀವೂ ಇಲ್ಲ ಅನ್ನುತ್ತೆ. ಟೋಕನ್ನು? ಭಾವ ದಿನಾ ಯಾರಿಗೋ ಒಬ್ಬರಿಗೆ ಟೋಕನ್ ತೆಗೆಸ್ತಿದ್ದ ಅಂತ ಊರಿಗೇ ಗೊತ್ತು. ಅವನ ಕಾರ್ಡು ಬೇರೆಯೋರು ಹಾಕಿದ್ರು ಅಂತ ಹಾಕಿದೋರೇ ಬಂದು ಹೇಳ್ಬೇಕು.”

“ಹೇಳಿದ್ರೆ?” ಎಂದಳು ಅಕ್ಕ.

ಸೆಕ್ರೆಟರಿ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿ ಮಾಡಿದ. ಇನ್ನೊಬ್ಬರ ಕಾರ್ಡು ಹಾಕಿದವರನ್ನು ಕೆಲಸದಿಂದ ತೆಗೆಯಲಾಗುವುದು ಎಂದು ಹೊತ್ತು ಅಚ್ಚೊತ್ತುವ ಕಾರ್ಡಿನ ಗಡಿಯಾರದ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿತ್ತು. ಅದರ ಕೆಳಗೆ ನಿಂತೇ ಎಲ್ಲರೂ ಎಲ್ಲರ ಕಾರ್ಡೂ ಹಾಕುತ್ತಿದ್ದರು.

ಅಕ್ಕ ತಮ್ಮನ ಕಡೆ ತಿರುಗಿದಳು. “ಲೋ, ನೀನು ಬಾಯಿ ಬಿಡಬೇಡ. ಮೂರು ಮಕ್ಕಳು ನಿಂಗೆ. ಒಂದು ಮನೆ ಒಲೆ ಆರಿದ್ದು ಸಾಕು.”

“ನಾನು ಏನಂದೆ ಅಂತ ಅಕ್ಕಾ?”

“ಏನೂ ಅಂದಿಲ್ಲವಲ್ಲ. ಹಂಗೇ ಇರು.”

*

ಶೆಡ್ಡಿನಲ್ಲಿ ಒಂದು ಹಲಗೆ ಇತ್ತು: ಅಪಘಾತವಿಲ್ಲದ ದಿನಗಳು. ಮುಂದೆ ಸೀಮೆಸುಣ್ಣದ ಅಂಕಿ. ಅಂಕಿ ಕೆಡದೆ ವರ್ಷ ಮುಗಿದರೆ ತಲೆಗೊಂದು ಬಿಳಿ ಟವೆಲು. ಆ ಟವೆಲಿಗಾಗಿ ಅಲ್ಲ, ಆ ಅಂಕಿಯನ್ನು ತಾನು ಕೆಡಿಸಿದೆ ಎನಿಸಿಕೊಳ್ಳಬಾರದೆಂದು ಜನ ಬೀಳುವುದಿದ್ದರೆ ಗೇಟಿನಾಚೆ ಹೋಗಿ ಬೀಳುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮನೆತನದ ಮರ್ಯಾದೆಯಂತೆ ತಾನಾಗಿ ಬಂದದ್ದು.

ನಿನ್ನೆ ಮಧ್ಯಾಹ್ನ ಭಾವ ಮಷೀನು ನಿಲ್ಲಿಸಿ ಎದೆ ಹಿಡಿದುಕೊಂಡ. ಮುಖ ಬೆವೆತಿತ್ತು. ಸೂಪರ್‌ವೈಸರ್ ಹತ್ತಿರ ಬಂದ. ಕೆಟ್ಟವನಲ್ಲ. ಹಿಂದೆ ಅದೇ ಸಾಲಿನಲ್ಲಿ ಕಲ್ಲು ಹಿಡಿದವನೇ.

“ಏನ್ ಭಾವ?”

“ಯಾಕೋ ಹಿಡ್ಕೊಂಡಂಗೆ ಆಗಿದೆ. ಸ್ವಲ್ಪ ಕೂತ್ಕೋತೀನಿ.”

“ಇಲ್ಲಿ ಕೂತ್ರೆ ನಾನು ಬರೀಬೇಕಾಗುತ್ತೆ. ನಡಿಯೋಕೆ ಆಗುತ್ತಾ? ಮೆಲ್ಲಗೆ ಗೇಟು ದಾಟ್ಬಿಡು. ದವಾಖಾನೆ ಎಷ್ಟು ದೂರ, ಇಲ್ಲೇ ಇದೆ.”

ಭಾವ ತಲೆಯಾಡಿಸಿದ. ಎದುರು ಹೇಳುವಂಥ ಮಾತು ಅದರಲ್ಲಿ ಏನೂ ಇರಲಿಲ್ಲ. ಬೇರೆಯವರಿಗೆ ಅವನೂ ಅದನ್ನೇ ಹೇಳಿ ಕರೆದುಕೊಂಡು ಹೋಗಿದ್ದ. ತಮ್ಮ ಹೊರಟು ನಿಂತರೆ ಕೈ ಅಡ್ಡ ಮಾಡಿದ. “ನೀನ್ಯಾಕೆ? ಇಬ್ಬರು ಹೋದ್ರೆ ಎದ್ದು ಕಾಣುತ್ತೆ. ನನ್ನ ಕಾರ್ಡು ನೋಡ್ಕೋ.”

ಸೈರನ್ ಆದಮೇಲೆ ತಮ್ಮ ತನ್ನ ಕಾರ್ಡು ಹಾಕಿ, ಭಾವನದೂ ಹಾಕಿದ. ಅರ್ಧ ದಿನದ ಸಂಬಳ ಉಳಿಯಿತು. ಅಷ್ಟು ಹೊತ್ತಿಗೆ ಭಾವ ಉಳಿದಿರಲಿಲ್ಲ.

*

ವಿದ್ಯುತ್ ಚಿತಾಗಾರದಲ್ಲೂ ಸಾಲಿತ್ತು. ಮುಂದೆ ಇಬ್ಬರಿದ್ದರು. ಭಾವನನ್ನು ಸಿಮೆಂಟಿನ ಕಟ್ಟೆಯ ಮೇಲೆ ಮಲಗಿಸಿ ಶೆಡ್ಡಿನವರು ಗೋಡೆಯುದ್ದಕ್ಕೂ ನೆರಳಲ್ಲಿ ಕೂತರು. ದವಾಖಾನೆಯ ಕಾಂಪೌಂಡರ್ ಊಟದ ಬಿಡುವಿನಲ್ಲಿ ಬಂದವನು ಯಾರೂ ಕೇಳದೆಯೇ ಹೇಳತೊಡಗಿದ.

“ಯಾರನ್ನ ಕರ್ಕೊಂಡು ಬಂದೆ ಭಾವ ಅಂದೆ. ಈ ಸಲ ನನ್ನನ್ನೇ ಅಂದ. ತಮಾಷೆ ಅಂದ್ಕೊಂಡೆ ನಾನು. ಯಾವಾಗ್ಲೂ ಹಂಗೇ ತಾನೆ? ಮಗು ಎತ್ಕೊಂಡು ಒಬ್ಬ ಹೆಂಗಸು ಬಂದ್ಲು, ಅವಳಿಗೆ ತನ್ನ ಟೋಕನ್ ಕೊಟ್ಟು ಅವಳದ್ದು ಇಸ್ಕೊಂಡ. ಕಣ್ಣು ಮುಚ್ಚಿದ್ದ. ಭಾವ ನಿದ್ದೆ ಮಾಡ್ತಿದ್ದಾನೆ ಅಂತ ನಾನೇ... ಎಬ್ಬಿಸಬೇಡಿ ಅಂದೆ.”

ಯಾರೋ ಸರಿದು ಅವನಿಗೆ ನೆರಳಲ್ಲಿ ಜಾಗ ಬಿಟ್ಟರು. ಮೂಲೆಯಿಂದ ಇನ್ನೊಬ್ಬ ಕೇಳಿದ, “ಅಲ್ರಯ್ಯಾ, ನಾವೆಲ್ಲ ಇಲ್ಲಿದ್ದೀವಿ. ಇವತ್ತು ನಮ್ಮ ಕಾರ್ಡು?”

“ಪ್ಯಾಕಿಂಗ್ ಸೆಕ್ಷನ್ನಿನ ತಾತನಿಗೆ ಸನ್ನೆ ಮಾಡಿ ಬಂದಿದ್ದೀವಿ. ಬೆಳಿಗ್ಗೆ ಒಳಗೆ ಬಂದಿದ್ದೂ ಹಾಕಿದ್ದಾನೆ. ಸೈರನ್ ಆದ್ಮೇಲೆ ಹೊರಗೆ ಹೋಗಿದ್ದೂ ಹಾಕ್ತಾನೆ.”

“ಅಂದ್ರೆ ಈಗ ನಾವು ಒಳಗೆ ಕೆಲಸ ಮಾಡ್ತಿದ್ದೀವಿ.”

“ಬೆವರು ಒರೆಸ್ಕೋ ಮತ್ತೆ.”

ಭುಜಗಳು ಸಣ್ಣಗೆ ಕುಲುಕಿದವು. ಕಟ್ಟೆಯ ಪಕ್ಕ ಕೂತಿದ್ದ ಅಕ್ಕನ ತುಟಿಯೂ ಒಂದು ಗಳಿಗೆ ಅಲುಗಿತು. ಭಾವ ಇದ್ದಿದ್ದರೆ ಜೋರಾಗಿ ನಗುತ್ತಿದ್ದವನು ಅವನೇ. ತುಸು ದೂರದಲ್ಲಿ ನಿಂತಿದ್ದ ಸೂಪರ್‌ವೈಸರ್, “ನನಗೆ ಏನೂ ಕೇಳಿಸ್ಲಿಲ್ಲ,” ಎಂದು ಮುಖ ಆಚೆ ತಿರುಗಿಸಿದ.

ಭಾವನ ಸರದಿ ಬಂದಾಗ ಅದನ್ನು ಬೇರೆ ಯಾರಿಗೂ ಕೊಡುವಂತಿರಲಿಲ್ಲ. ಕಬ್ಬಿಣದ ಬಾಗಿಲು ಮೇಲೆದ್ದಿತು, ಇಳಿಯಿತು. ಒಳಗಿನ ಯಂತ್ರದ ಗುಂಯ್ ಸದ್ದು ಶೆಡ್ಡಿನ ಸದ್ದಿನಂತೆಯೇ ಇತ್ತು. ತಮ್ಮ ಆ ಸದ್ದಿನೊಳಕ್ಕೆ, “ಭಾವಾ!” ಎಂದು ಒಮ್ಮೆ ಕೂಗಿದ. ಮೊದಲ ದಿನ ಕೂಗಿದಷ್ಟೇ ಜೋರಾಗಿ.

ಆಮೇಲೆ ನೆಟ್ಟಗೆ ಸೂಪರ್‌ವೈಸರನ ಮುಂದೆ ಹೋಗಿ ನಿಂತ.

“ಸಾರ್, ನಿನ್ನೆ ಭಾವನ ಕಾರ್ಡು ಹಾಕಿದ್ದು ನಾನು.”

“ನಾನು ಕೇಳಿಸ್ಕೊಂಡಿಲ್ಲ ಅಂದ್ನಲ್ಲ.”

“ಅದು ಅವರ ಮಾತು. ಇದು ನಂದು. ಕೇಳಿಸ್ಕೊಳ್ಳಿ. ಸೈರನ್ನಿಗೆ ಮುಂಚೆ ಎದೆ ಹಿಡ್ಕೊಂಡು ಹೋದ್ರು. ಕಾರ್ಡು ನಾನು ಹಾಕ್ದೆ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

“ಲೋ!” ಎಂದಳು ಅಕ್ಕ ಕಟ್ಟೆಯಿಂದ.

“ನೀನು ಸುಮ್ನಿರಕ್ಕ. ನಿನ್ನೆ ಜೊತೇಲಿ ಹೋಗ್ಲಿಲ್ಲ. ಇವತ್ತಾದ್ರೂ ಹೋಗ್ತೀನಿ.”

ಸೂಪರ್‌ವೈಸರ್ ಅವನ ಹೆಗಲಾಚೆ ಮುಚ್ಚಿದ್ದ ಕಬ್ಬಿಣದ ಬಾಗಿಲನ್ನು ನೋಡಿದ. ಬಹಳ ಆಯಾಸಗೊಂಡವನಂತೆ ಕಂಡ. “ಮಕ್ಕಳೊಂದಿಗ ನೀನು. ಇನ್ನೊಂದು ಸಲ ಯೋಚನೆ ಮಾಡು.”

“ಮಾಡಿ ಮಾಡಿ ಸಾಕಾಗಿದೆ ಸಾರ್.”

“ಹಂಗಾದ್ರೆ ನಡಿ. ಹೆಂಗೂ ಆ ಕಾರ್ಡು ತೆಗೆದು ಆಫೀಸಿಗೆ ಕೊಡಬೇಕು. ಸತ್ತೋರ ಕಾರ್ಡು ಗೂಡಲ್ಲಿ ಇರಬಾರದು.” ಸೆಕ್ರೆಟರಿಯ ಕಡೆ ನೋಡಿ, “ನೀವೂ ಬನ್ನಿ. ನಿಮ್ಮೆದುರಿಗೇ ತೆಗೀತೀನಿ,” ಎಂದ.

*

ಅವರು ಗೇಟು ತಲುಪುವ ಹೊತ್ತಿಗೆ ಸೈರನ್ ಕೂಗಿ ನಿಂತಿತ್ತು. ಕಾರ್ಡಿನ ಗಡಿಯಾರದ ಮುಂದೆ ಪ್ಯಾಕಿಂಗ್ ತಾತ ಒಬ್ಬನೇ ನಿಂತು, ಗೂಡಿನಿಂದ ಒಂದೊಂದೇ ಕಾರ್ಡು ತೆಗೆದು, ಸೀಳಿನಲ್ಲಿ ಇಳಿಬಿಟ್ಟು, ಠಣ್ ಎನಿಸಿ, ವಾಪಸ್ಸು ಇಡುತ್ತಿದ್ದ. ಅವನಿಗೆ ಕಿವಿ ಕೇಳಿಸದು. ಕೆಂಪಕ್ಷರ ಓದಲು ಬಾರದು. ಸಾಲು ಮಾತ್ರ ತಪ್ಪುತ್ತಿರಲಿಲ್ಲ. ಕೊನೆಯ ಕಾರ್ಡು ಇಟ್ಟು ತಿರುಗಿದವನು ಸೂಪರ್‌ವೈಸರನನ್ನು ಕಂಡು ಬೆಚ್ಚಿದ. ಆಮೇಲೆ, ನಿಮ್ಮದೂ ಆಯ್ತು ಎಂಬಂತೆ ಮೇಲಿನ ಸಾಲಿನ ಕಡೆ ಕೈ ಮಾಡಿ ತೋರಿಸಿ ಹೊರಟುಹೋದ.

ಸೂಪರ್‌ವೈಸರ್ ಮೇಲಿನ ಸಾಲಿನಿಂದ ತನ್ನ ಕಾರ್ಡು ಎಳೆದು ನೋಡಿದ. ಬೆಳಗಿನದೂ ಇತ್ತು, ಈಗಿನದೂ ಇತ್ತು. ಅಲ್ಲೇ ಇಟ್ಟ. ತಮ್ಮನದನ್ನು ನೋಡಿದ. ಅದರಲ್ಲೂ ಇತ್ತು.

ಅದರ ಪಕ್ಕದ್ದು ಭಾವನದು. ಹೊರಗೆ ತೆಗೆದ. ಕರಿ ಬೆರಳಚ್ಚುಗಳಿದ್ದ ದಪ್ಪ ಕಾಗದ. ಮೇಲೆ ಯಾರೂ ಕರೆಯದ ಆ ಹೆಸರು. ನಿನ್ನೆಯ ಸಾಲಿನ ಕೆಳಗೆ ಇವತ್ತಿನ ಸಾಲು. ಬೆಳಿಗ್ಗೆ ಸರಿಯಾದ ಹೊತ್ತಿಗೆ ಒಳಗೆ ಬಂದಿದ್ದ. ಈಗ ತಾನೇ ಸೈರನ್ ಆದಮೇಲೆ ಹೊರಗೆ ಹೋಗಿದ್ದ.

ತಮ್ಮ ಗೋಡೆಗೆ ಒರಗಿದ. ಜೀವಮಾನದಲ್ಲಿ ಮೊದಲ ಸಲ ಸೆಕ್ರೆಟರಿಗೆ ಯಾವ ಕಲಮೂ ನೆನಪಾಗಲಿಲ್ಲ.

ಸೂಪರ್‌ವೈಸರ್ ಕಾರ್ಡನ್ನು ಬೆಳಕಿಗೆ ಹಿಡಿದ. ನೀಲಿ ಶಾಯಿ ಇನ್ನೂ ಹಸಿಯಾಗಿತ್ತು. ಕದಡಿಹೋಗಬಾರದೆಂದು ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಮಗುವಿನ ಬಿಸಿ ಹಾಲು ಆರಿಸುವಂತೆ ಮೆಲ್ಲಗೆ ಊದಿದ. ಒಣಗಿದ ಮೇಲೆ ಇನ್ನೊಮ್ಮೆ ಊದಿ, “ಭಾವ ಇವತ್ತೂ ಪಾಳಿ ಮುಗಿಸಿದ್ದಾನೆ. ಕಂಪನಿ ಈ ಕಾರ್ಡೇ ತಾನೆ ತೋರಿಸೋದು?” ಎಂದು ಅದನ್ನು ಸೆಕ್ರೆಟರಿಯ ಕಡೆ ಚಾಚಿದ.