ಹಕ್ಕಿಗೂಡಿನ ರುಚಿ

ಲುವಾಳ ಅಮ್ಮ ಗಾಮ್ ಸತ್ತು ಎಷ್ಟೋ ವರ್ಷಗಳಾಗಿದ್ದವು. ಆಕೆಗೆ ಅಂಟಿದ್ದ ಸುಳ್ಳುಬುರುಕಿ ಎಂಬ ಹೆಸರು ಮಾತ್ರ ಸತ್ತಿರಲಿಲ್ಲ. ಅದಕ್ಕೆ ಅನ್ನ ನೀರು ಹಾಕಿ ಸಾಕಿಕೊಂಡು ಬಂದವಳು ಅಪ್ಪನ ತಂಗಿ ಚಿನ್ ಅತ್ತೆ. ಪ್ರತಿ ವರ್ಷ ಗಾಮ್‌ಳ ತಿಥಿಯ ದಿನ ಬಂದು, ಹಿರಿಯರ ಪೀಠದ ಮುಂದೆ ಊದುಬತ್ತಿ ಸಿಕ್ಕಿಸಿ, ಮೀನಿನ ಶಾವಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡು, ಹಲ್ಲುಕಡ್ಡಿ ಕೈಗೆ ಬರುವ ಹೊತ್ತಿಗೆ ಅತ್ತೆಯ ಮಾತು ಅಲ್ಲಿಗೇ, ಹಕ್ಕಿ ಎಂಜಲಿಂದ ಕಟ್ಟುವ, ಸಿರಿವಂತರು ಬೇಯಿಸಿ ತಿನ್ನುವ ಗೂಡಿಗೇ, ಬಂದು ನಿಲ್ಲುತ್ತಿತ್ತು.

"ನಿಮ್ಮಮ್ಮ ಒಳ್ಳೇವ್ಳೇ ಕಣೇ. ಆದ್ರೆ ಬಾಯಿ ಬಿಟ್ರೆ ಬುರುಡೆ. ಹಕ್ಕಿಗೂಡು ನಾಲಗೆ ಮೇಲೆ ಚುರುಕ್ ಅನ್ನುತ್ತಂತೆ, ಆಮೇಲೆ ಗಂಟಲು ಬೆಚ್ಚಗಾಗುತ್ತಂತೆ! ನಾನು ಸೈಗಾನ್‌ನಲ್ಲಿ ದೊಡ್ಡೋರ ಮನೇಲಿ ಅಡುಗೆ ಮಾಡ್ದೋಳು, ಬಟ್ಟಲು ಬಳಿದು ತಿಂದಿದೀನಿ. ಅದಕ್ಕೆ ರುಚಿ ಅನ್ನೋದೇ ಇಲ್ಲ. ಕಲ್ಲುಸಕ್ಕರೆ ಹಾಕಿದ್ರೆ ಕಲ್ಲುಸಕ್ಕರೆ ರುಚಿ, ಅಷ್ಟೇ."

ಮಾತು ಇಷ್ಟಕ್ಕೇ ಮುಗಿದಿದ್ದರೆ ಲುವಾ ನಕ್ಕು ಪಾತ್ರೆ ತೊಳೆಯಲು ಏಳುತ್ತಿದ್ದಳು. ಆದರೆ ಅಮ್ಮ ಹೇಳಿದ್ದ ಇನ್ನೊಂದು ಕಥೆಯಿತ್ತು. ಅಪ್ಪ ಕೊನೆಯ ಸಲ ಕಡಲಿಗೆ ಹೊರಟ ಮುಂಜಾನೆ, ಸೊಂಟದುದ್ದ ನೀರಿಗೆ ಇಳಿದವನು ದೋಣಿ ಹತ್ತದೆ ತಿರುಗಿ ಮನೆಗೆ ಬಂದನಂತೆ. ನಿದ್ದೆಯಲ್ಲಿದ್ದ ಪುಟ್ಟ ಲುವಾಳ ಹಣೆಯ ಮೇಲೆ ಒದ್ದೆ ಕೈಯಿಟ್ಟು, ಮಾತಾಡದೆ ಹೊರಟುಹೋದನಂತೆ. ಆ ದೋಣಿ ಮರಳಲಿಲ್ಲ. ಅಪ್ಪನ ಪಾಲಿನಿಂದ ಲುವಾಳಿಗೆ ಬಂದ ಆಸ್ತಿ ಎಂದರೆ ಆ ಒದ್ದೆ ಕೈ ಒಂದೇ. ಅದನ್ನು ಕಂಡವಳು ಅಮ್ಮ ಒಬ್ಬಳೇ.

"ಕಡಲಿಗೆ ಹೊರಟೋನು ತಿರುಗಿ ಮನೆ ಹೊಸ್ತಿಲು ತುಳಿತಾನೇನೆ? ಅಪಶಕುನ," ಎನ್ನುತ್ತಿದ್ದಳು ಅತ್ತೆ. "ಗೂಡಿನ ಕಥೆ ಹೇಗೋ ಇದೂ ಹಾಗೇ. ನಮ್ಮಣ್ಣ ಯಾರಿಗೂ ಒಂದ್ ಮಾತು ಹೇಳ್ದೆ ಹೋದ. ನನಗೂ ಹೇಳ್ಲಿಲ್ಲ, ನಿನಗೂ ಹೇಳ್ಲಿಲ್ಲ."

ಅಮ್ಮ ಕೂತು ಸವೆಸಿದ ಮಣೆಯ ಮೇಲೆಯೇ ಕೂತು, ಫಾನ್ ರಾಂಗ್‌ನ ಲೊಕ್ ಸಾಹುಕಾರನ ಕಾರ್ಖಾನೆಯಲ್ಲಿ ಗೂಡಿಗೆ ಅಂಟಿದ ಪುಕ್ಕ ಹೆಕ್ಕುತ್ತಿದ್ದವಳು ಲುವಾ. ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಹಕ್ಕಿಗೂಡು, ಬಾಯಿಗೆ ಒಂದೆಳೆಯೂ ಇಲ್ಲ. ಅಮ್ಮನ ಮಾತು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಒಮ್ಮೆ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಕೆಲಸ ಹೋಗುತ್ತದೆ. ಅಮ್ಮ ಮಾತ್ರ ಒಂದು ಸಲ, ಮುಂಗೈಗೆ ಅಂಟಿದ್ದ ಎಳೆಯೊಂದನ್ನು ಬಾಯಿಬಟ್ಟೆ ಸರಿಸಿ ಸರಕ್ಕನೆ ನೆಕ್ಕಿಬಿಟ್ಟಿದ್ದಳಂತೆ. ಅಷ್ಟು ಧೈರ್ಯ ಲುವಾಳಿಗೆ ಇರಲಿಲ್ಲ.

ಅಲ್ಲಿ ಕೂರುವ ಹೆಂಗಸರಿಗೆ ಸಾಹುಕಾರನ ತಾಯಿಯ ಕಾಲದ ಒಂದು ಪದ್ಧತಿಯಿತ್ತು. ಕೈ ತೊಳೆದು ಒಳಗೆ ಬರುವಾಗ ಬಾಗಿಲ ಬಳಿಯ ಡಬ್ಬಿಯಿಂದ ಒಂದು ಬಿಲ್ಲೆ ಶುಂಠಿ ತೆಗೆದು ಕೆನ್ನೆಯೊಳಗೆ ಒತ್ತರಿಸಿಕೊಳ್ಳಬೇಕು. ದಿನವಿಡೀ ತಣ್ಣೀರಲ್ಲಿ ಕೈಯಿಟ್ಟವರಿಗೆ ನೆಗಡಿಯಾಗದಿರಲಿ ಎಂಬುದು ಹೇಳಿಕೆಗೆ. ಬಾಯಲ್ಲಿ ಶುಂಠಿ ಇದ್ದವಳು ಗೂಡು ಮುಕ್ಕುವುದಿಲ್ಲ ಎಂಬುದು ಮುದುಕಿಯ ಒಳಲೆಕ್ಕ. ಈಗ ಯಾರಿಗೂ ಎರಡೂ ಕಾರಣ ನೆನಪಿಲ್ಲ. ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ, ಕೆನ್ನೆ ತಾನಾಗಿ ಉಬ್ಬುತ್ತದೆ.

ಆ ವರ್ಷ ಸಾಹುಕಾರನಿಗೆ ಹೊಸ ಹುಚ್ಚು ಹಿಡಿದಿತ್ತು. ಮುರಿದ ಗೂಡು, ಚೂರು, ಎಳೆ, ಎಲ್ಲವನ್ನೂ ಪುಡಿ ಮಾಡಿ ಮಾರುವುದು. ಹಾಲಿಗೆ, ಬಿಸ್ಕತ್ತಿಗೆ, ಬಾಣಂತಿಯ ಗಂಜಿಗೆ ಬೆರೆಸುವಂಥ ಪುಡಿ. ಅದಕ್ಕೆಂದೇ ಸೈಗಾನ್‌ನಿಂದ ಹಾನ್ ಎಂಬ ಹುಡುಗಿ ಬಂದಿದ್ದಳು. ಹಿಂದಿನ ಕೋಣೆಯಲ್ಲಿ ಅವಳು ಚೂರುಗಳನ್ನು ಬೇಯಿಸಿ, ಪಪ್ಪಾಯಿ ಹಾಲಿನಿಂದ ತೆಗೆದ ಯಾವುದೋ ಪುಡಿಯನ್ನು ಚಿಟಿಕೆ ಹಾಕುತ್ತಿದ್ದಳು. ಲೋಳೆಯಾಗಿದ್ದದ್ದು ನೋಡನೋಡುತ್ತ ನೀರಾಗುತ್ತಿತ್ತು. ಸೋಸಿ ಒಣಗಿಸಿದರೆ ಬೆಳ್ಳನೆಯ ಹಿಟ್ಟು. ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಉಯ್ಯಾಲೆಬಲೆಯಲ್ಲಿ ಮಲಗಿ ಗೊರಕೆ ಹೊಡೆಯುವಾಗ ಲುವಾ ಒಬ್ಬಳೇ ಆ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಹಕ್ಕಿ ತನ್ನ ಎಂಜಲಿಂದ ಕಟ್ಟಿದ್ದನ್ನು ಈ ಹುಡುಗಿ ಮತ್ತೆ ಎಂಜಲೇ ಮಾಡುತ್ತಿದ್ದಾಳಲ್ಲ ಎಂದು ಅವಳಿಗೆ ಬೆರಗು.

ಒಂದು ದಿನ ಹಾನ್ ಕಿಟಕಿ ತೆರೆದು, "ಅಕ್ಕ, ಸ್ವಲ್ಪ ಒಳಗ್ ಬರ್ತೀರಾ? ಇನ್ನೊಬ್ರನ್ನೂ ಕರ್ಕೊಂಡು ಬನ್ನಿ," ಅಂದಳು. "ಬೆಳಗ್ಗಿಂದ ರುಚಿ ನೋಡಿ ನೋಡಿ ನನ್ನ ನಾಲಗೆ ಸತ್ತೋಗಿದೆ. ಪಪ್ಪಾಯಿ ಪುಡಿಯ ಕಹಿ ಹೋಗಿದ್ಯಾ ಇಲ್ವಾ ಹೇಳಿ ಸಾಕು. ಸಾಹುಕಾರ್ರನ್ನ ಕೇಳಿದೀನಿ, ಒಪ್ಪಿದಾರೆ."

ಲುವಾ ಪಕ್ಕದ ಮಣೆಯ ಮಾನ್ ಅಕ್ಕನನ್ನು ಎಬ್ಬಿಸಿ ಎಳೆದುಕೊಂಡು ಹೋದಳು. ಪಿಂಗಾಣಿ ಬಟ್ಟಲಲ್ಲಿ ಬೆಚ್ಚಗಿನ, ಬಣ್ಣವಿಲ್ಲದ ನೀರು. ಲುವಾ ಕಣ್ಣು ಮುಚ್ಚಿ ಗುಟುಕರಿಸಿದಳು.

ನಾಲಗೆ ಚುರುಕ್ ಅಂದಿತು. ಆಮೇಲೆ ಗಂಟಲು ಬೆಚ್ಚಗಾಯಿತು.

ಅಮ್ಮಾ! ಲುವಾಳಿಗೆ ಅಳು ಬಂತು, ನಗುವೂ ಬಂತು. "ಚುರುಕ್ ಅಂತು," ಅಂದಳು.

"ಹೌದು ಕಣೇ! ಗಂಟಲಲ್ಲಿ ಬಿಸಿ ಬಿಸಿ," ಎಂದು ಮಾನ್ ಅಕ್ಕನೂ ಕಣ್ಣರಳಿಸಿದಳು.

ಹಾನ್‌ಳ ಮುಖ ಬಿಳಿಚಿಕೊಂಡಿತು. "ಚುರುಕ್ ಯಾಕ್ ಅನ್ಬೇಕು? ನಾನೇನೂ ಹಾಕಿಲ್ವಲ್ಲ!" ತಾನೂ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. "ಏನೂ ಇಲ್ಲ. ಏನಾದ್ರೂ ಬೆರೆತಿದ್ರೆ ಇಷ್ಟೂ ಚೆಲ್ಬೇಕಾಗುತ್ತೆ ಅಕ್ಕ. ಸರಿಯಾಗಿ ನೋಡಿ ಹೇಳಿ."

ಸರಿಯಾಗಿ ನೋಡಲೆಂದು ಮಾನ್ ಅಕ್ಕ ಬಾಯಿ ಚಪ್ಪರಿಸಿದಳು. ಕೆನ್ನೆಯ ಗಂಟು ಈ ಕಡೆಯಿಂದ ಆ ಕಡೆಗೆ ಹೊರಳಿತು. ಹಾನ್ ಅದನ್ನು ನೋಡಿದಳು.

"ಅಕ್ಕ, ಬಾಯಲ್ಲೇನದು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮಾನ್ ಅಕ್ಕ ಶುಂಠಿ ಬಿಲ್ಲೆಯನ್ನು ಅಂಗೈಗೆ ಉಗಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಉಂಡ ತಕ್ಷಣ ಮತ್ತೆ ಇಟ್ಕೋತೀವಿ, ಮಲಗಿದ್ರೂ ಇದನ್ನ ತೆಗೆಯಲ್ಲ ಕಣಮ್ಮಾ ನಾವು!" ಬಾಯಿ ಮುಕ್ಕಳಿಸಿ ಮತ್ತೆ ಕುಡಿದರು. ಮೊಟ್ಟೆ ಬೇಯಿಸಿ ತೆಗೆದ ನೀರಿನಂತೆ, ಅದೂ ಸಪ್ಪೆ. "ರಾಜರುಗಳು ಇದಕ್ಕಾ ಬಾಯಿ ಬಿಡ್ತಿದ್ದಿದ್ದು?" ಅಂದಳು ಮಾನ್ ಅಕ್ಕ. ಹಾನ್ ನೆಮ್ಮದಿಯಾಗಿ ನಕ್ಕಳು. ಲುವಾಳಿಗೆ ನಗು ಬರಲಿಲ್ಲ. ಚಿನ್ ಅತ್ತೆಯೇ ಗೆದ್ದಿದ್ದಳು. ರುಚಿ ಇಲ್ಲ ಎಂದ ಮೇಲೆ ಒದ್ದೆ ಕೈಯೂ ಇಲ್ಲ. ಅವತ್ತು ಸಂಜೆ ಮನೆಗೆ ನಡೆಯುವಾಗ ಅವಳಿಗೆ ಇನ್ನೊಂದು ಸಲ ಅಪ್ಪನನ್ನು ಕಳೆದುಕೊಂಡಂತೆ ಸಂಕಟವಾಯಿತು.

ಮಾರನೆಯ ಬೆಳಗ್ಗೆ ಕೈ ತೊಳೆದಳು, ಡಬ್ಬಿಯಿಂದ ಬಿಲ್ಲೆ ತೆಗೆದಳು, ಕೆನ್ನೆಗೆ ತುರುಕುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ಅದು ಅಮ್ಮನ ವಾಸನೆ. ಸಂಜೆ ಅಂಗಳಕ್ಕೆ ಬಂದ ಅಮ್ಮ ಮೊದಲು ಶುಂಠಿಯ ನಾರು ಉಗಿದು, ಆಮೇಲೆ ಮುತ್ತಿಡುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಅಮ್ಮನ ಕೆನ್ನೆ ಖಾಲಿ ಇದ್ದದ್ದೇ ಇಲ್ಲ.

ಅಮ್ಮ ಆ ಎಳೆಯನ್ನು ನೆಕ್ಕಿದ್ದು ಈ ಮಣೆಯ ಮೇಲೆ ಕೂತು!

ಲುವಾ ಪುಕ್ಕ ಹೆಕ್ಕುವ ನೀರಿನ ಬೋಗುಣಿಯ ಮುಂದೆ ನಿಂತೇಬಿಟ್ಟಳು. ಅಮ್ಮ ಬುರುಡೆ ಬಿಟ್ಟಿರಲಿಲ್ಲ. ನಿಜವಾಗಿ ತಿಂದಿದ್ದಳು, ನಾಲಗೆಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಹೇಳಿದ್ದಳು. ಕಥೆ ಕಟ್ಟುವವಳಾಗಿದ್ದರೆ ಜೇನು ಎನ್ನಬಹುದಿತ್ತು, ಅಮೃತ ಎನ್ನಬಹುದಿತ್ತು. ಚುರುಕ್ ಎಂದು ಯಾರು ಕಟ್ಟುತ್ತಾರೆ?

ತಿಥಿಗೆ ಎಂದು ಹಾನ್‌ಳನ್ನು ಕೇಳಿ ಒಂದು ಚಮಚ ಪುಡಿ ತಂದಳು. ಬಿಸಿನೀರಿನಲ್ಲಿ ಕದಡಿ, ಅಮ್ಮನ ಪಟದ ಮುಂದೆ ಬಟ್ಟಲಿಟ್ಟು, ಪಕ್ಕದಲ್ಲಿ ಶುಂಠಿಯ ಬಿಲ್ಲೆಯೊಂದನ್ನು ಇಟ್ಟಳು. ಊದುಬತ್ತಿ ಉರಿದು ಮುಗಿಯಿತು. ಸತ್ತವರು ಉಂಡಾಯಿತು, ಇನ್ನು ಉಳಿದದ್ದು ಇದ್ದವರದು. ಚಿನ್ ಅತ್ತೆ ಹಲ್ಲುಕಡ್ಡಿಗೆ ಕೈ ಚಾಚುವ ಮುಂಚೆಯೇ ಲುವಾ ಬಟ್ಟಲು ತಂದಿಟ್ಟಳು.

"ಗೂಡೇನೆ? ನಿಮ್ಮಮ್ಮನ ಚುರುಕ್ ಗೂಡು?"

"ಮೊದ್ಲು ಈ ಶುಂಠಿ ಕೆನ್ನೆಗೆ ಇಟ್ಕೋ ಅತ್ತೆ. ಅಮ್ಮ ಕೆಲಸದಲ್ಲಿ ಯಾವಾಗ್ಲೂ ಇಟ್ಕೋತಿದ್ಲಲ್ಲ, ಹಾಗೆ. ಆಮೇಲೆ ಕುಡಿ."

ಅತ್ತೆ ಗೊಣಗುತ್ತಲೇ ಇಟ್ಟುಕೊಂಡಳು, ಗೊಣಗುತ್ತಲೇ ಕುಡಿದಳು. "ಚುರುಕ್ ಅಂತು ಕಣೇ," ಅಂದಳು. ಗಂಟಲ ಮೇಲೆ ಕೈಯಿಟ್ಟುಕೊಂಡು, ಪಟದಲ್ಲಿದ್ದ ಅತ್ತಿಗೆಯನ್ನು ನೋಡಿದಳು. ಆಮೇಲೆ ಪಕ್ಕದ ಪಟದಲ್ಲಿದ್ದ ಅಣ್ಣನ ಕಡೆಗೆ ತಿರುಗಿದಳು.

"ನಮ್ಮಣ್ಣ ನೀರಿಗೆ ಇಳಿದೋನು ವಾಪಸ್ ಬಂದ ಅಂತ ನಿಮ್ಮಮ್ಮ ಅಂದ್ಲಲ್ಲ," ಅಂದಳು ಅತ್ತೆ. "ಮೊದಲಿಂದ ಹೇಳೇ. ನಾನು ಯಾವತ್ತೂ ಪೂರ್ತಿ ಕೇಳ್ಲೇ ಇಲ್ಲ."