ಕಣ್ಣಿಗೆ ಕಟ್ಟಿದ ಬಿಳಿ ಬಟ್ಟೆ

ಗಾಜು ಬೆಚ್ಚಗಿದೆ, ಅಂಗೈಗೆ ಹಿತವಾಗಿದೆ, ಪುಣ್ಯಾತ್ಮರು ಇದೊಂದು ಉಪಕಾರ ಮಾಡಿದ್ದಾರೆ, ಒದ್ದೆ ಹಾಸಿಗೆಬಟ್ಟೆ ಹರಡಿದರೆ ಬೇಗ ಒಣಗುತ್ತದೆ — ಅವಳು ಇನ್ನೊಂದನ್ನು ಕೊಡವಿದಳು, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ಬಟ್ಟೆ ಪಟಾರೆಂದಿತು. ಆಸ್ಪತ್ರೆಯ ರಕ್ತ ಕೀವು ಒಗೆದೊಗೆದು ಬೆರಳು ಸವೆಸಿದವಳ ಹಗ್ಗದ ಕಂಬ ಕಿತ್ತು ತಾರಸಿ ತುಂಬ ಈ ಗಾಜಿನ ಕರಿ ಹಲಗೆ ಹಾಸಿದರಲ್ಲ, ಬಟ್ಟೆ ಎಲ್ಲಿ ಹಾಕಲಿ ಎಂದರೆ ಮೇಸ್ತ್ರಿ ತಲೆಯೆತ್ತಲಿಲ್ಲ, ಎಲ್ಲಾದ್ರೂ ಹಾಕ್ಕೊಳಮ್ಮ, ಎಲ್ಲಾದರೂ ಎಂದರೆ ಎಲ್ಲಿ, ಅವನ ನೆತ್ತಿ ಮೇಲಾ? ಬಿಸಿಲಿನಿಂದ ಕರೆಂಟು ಎಂದು ಭಾಷಣ ಮಾಡಿದರಂತೆ, ಒಗೆಯುವ ಕಲ್ಲಿನ ತನಕ ಬರೀ ಚಪ್ಪಾಳೆ ಕೇಳಿಸಿತ್ತು — ಈಗೆಲ್ಲಿ ಕರೆಂಟು? ತಂತಿಯದ್ದು ನಿನ್ನೆಯೇ ಹೋಯಿತು, ಬಿಸಿಲಿನದ್ದು ರಾತ್ರಿಯೆಲ್ಲ ಬ್ಯಾಟರಿಯಲ್ಲಿ ನಡೆದು ಈವತ್ತು ಬೆಳಿಗ್ಗೆ ಕೈಕೊಟ್ಟಿತು, ನೆತ್ತಿ ಸುಡುವ ಬಿಸಿಲಿದೆ, ದೀಪವಿಲ್ಲ, ಕೆಳಗೆ ವಾರ್ಡಿನ ಕತ್ತಲು ಮೂಲೆಯಲ್ಲಿ ಮಗಳ ಕೂಸು ಹಳದಿ ಬಣ್ಣದಲ್ಲಿ ಅದ್ದಿ ತೆಗೆದಂತೆ ಮಲಗಿದೆ. ಕಾಮಾಲೆ, ನೀಲಿ ದೀಪದಡಿ ಇಟ್ಟರೆ ಇಳಿಯುತ್ತದೆ ಎಂದಿದ್ದರು ಡಾಕ್ಟರಮ್ಮ, ಇಳಿಯುತ್ತಲೂ ಇತ್ತು, ದೀಪ ಕಣ್ಣಿಗೆ ಚುಚ್ಚಬಾರದೆಂದು ಬಿಳಿ ಬಟ್ಟೆ ಕಟ್ಟಿದ್ದರು, ಹಳೆಯದೊಂದನ್ನು ಹರಿದು ಕೊಟ್ಟವಳು ಅವಳೇ — ದೀಪ ಆರಿದ ಮೇಲೂ ಯಾರೂ ಬಿಚ್ಚಿಲ್ಲ, ಕತ್ತಲಲ್ಲಿ ಕಣ್ಣು ಕಟ್ಟಿಸಿಕೊಂಡು ಮಲಗಿದೆ, ಅಮ್ಮಾ ಕೂಸು ಹಾಲು ಕುಡೀತಿಲ್ಲ, ಮೆಟ್ಟಿಲ ಕೆಳಗಿನಿಂದ ಮಗಳ ದನಿ, ಸುಮ್ನಿರೇ ಈಗ ಬರುತ್ತೆ ಕರೆಂಟು, ಬರುತ್ತೆ, ಇವರಪ್ಪನ ಮನೆಯಿಂದ ಬರುತ್ತೆ. ಹಲಗೆಗೆ ಬಿಸಿಲು ಬೇಕು, ಅಷ್ಟು ಅವಳಿಗೂ ಗೊತ್ತು, ದಡ್ಡಿಯಲ್ಲ, ಮೊದಲ ದಿನವೇ ಹರಡಿದ ಬಟ್ಟೆಯಡಿ ಕೈ ತೂರಿಸಿ ನೋಡಿದ್ದಳು, ಗಾಜು ಕಾದೇ ಇತ್ತು, ಇನ್ನೇನು ಬೇಕು ಅದಕ್ಕೆ —

ಮೆಟ್ಟಿಲಲ್ಲಿ ಬೂಟಿನ ಸದ್ದು, ವೈರಿಂಗಿನವನು, ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದ, ಬಯ್ಯಲು ಬಾಯಿ ತೆರೆದಳು, ಅವನು ಸಾಲು ಸಾಲು ಬಿಳಿ ಬಟ್ಟೆ ನೋಡುತ್ತ ನಿಂತುಬಿಟ್ಟ. ಏನಪ್ಪ ನೋಡ್ತೀಯ, ಮುಟ್ಟಿ ನೋಡು, ಬಟ್ಟೆ ಕೆಳಗೂ ಬಿಸಿ ಇದೆ. ಅಕ್ಕಾ, ಇದಕ್ಕೆ ಬೇಕಾಗಿರೋದು ಬಿಸಿ ಅಲ್ಲ, ಬೆಳಕು. ಬೆಳಕು — ಯಾರು ಹೇಳಿದ್ದರು, ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಾದರೂ ಮೆಟ್ಟಿಲು ಹತ್ತಿ ಬಂದು ಒಂದು ಮಾತು ಹೇಳಿದ್ದರೆ, ಹಾಳಾಗಿ ಹೋಗಲಿ ಅವರ ಭಾಷಣ, ಎಳೆದಳು, ಒಂದು, ಇನ್ನೊಂದು, ತಾನೇ ಹರಡಿದ್ದು, ತಾನೇ ಮೂಲೆ ಜಗ್ಗಿ ಸುಕ್ಕು ತೆಗೆದದ್ದು, ಒದ್ದೆ ಬಟ್ಟೆ ಗಾಜಿಗೆ ಅಂಟಿಕೊಂಡಿದೆ, ಬರುತ್ತಿಲ್ಲ, ಉಗುರು ಜಾರುತ್ತಿದೆ, ಹರಿದು ಕೊಟ್ಟವಳೂ ತಾನೇ, ಆ ಪುಟ್ಟ ಮುಖ, ಹಳದಿ ಮುಖ, ಕಣ್ಣ ಮೇಲೆ ಬಿಳಿ ಬಟ್ಟೆ.